ಒಂದೇ ಬಿಲ್ಲು ಸಾಕು

ನಿಸುಲಾ, ಮಿಷಿಗನ್
ಜುಲೈ 6, 1986

ಆರ್ನೆ,

ಅಂತೂ ಡೆಲ್ಫಿಯ ಅಂಗಡಿಗೆ ಹೋಗಿಬಂದೆ. ಗಂಡ ಹೆಂಡತಿ ಜೊತೆಯಲ್ಲೇ ಹೋಗಿ ಆರಿಸಬೇಕಾದ ವಸ್ತು ಇದು. ಆದರೆ ನೀನು ಆ ಅದಿರಿನ ಹಡಗು ಬಿಟ್ಟು ಇಳಿಯುವ ಹೊತ್ತಿಗೆ ಬಿಲ್ಲಿನ ಬೇಟೆಯ ಕಾಲ ಬಂದುಬಿಟ್ಟಿರುತ್ತದೆ, ಕಲಿಯುವುದಕ್ಕೆ ಪುರುಸೊತ್ತಾದರೂ ಬೇಡವೇ? ಅದಕ್ಕೇ ಒಬ್ಬಳೇ ಹೋದೆ.

ಅಂಗಡಿ ಅಂದರೆ ಅವನ ಮನೆ ಹಿಂದಿನ ಗ್ಯಾರೇಜು, ನಿನಗೆ ಗೊತ್ತಲ್ಲ. ಗೋಡೆ ತುಂಬ ಕಾಂಪೌಂಡ್ ಬಿಲ್ಲುಗಳು. ಎರಡು ತುದಿಗೂ ಗಾಲಿ, ಗಾಲಿಯಿಂದ ಗಾಲಿಗೆ ತಂತಿ. ನನಗೆ ಅದು ಬಿಲ್ಲು ಅಂತಲೇ ಅನಿಸಲಿಲ್ಲ.

"ಇಬ್ರಿಗೂ ಸೇರಿ ಒಂದು ಕೊಡಿ ಡೆಲ್ಫಿ, ಸರದಿ ಮೇಲೆ ಹಿಡ್ಕೋತೀವಿ" ಅಂದೆ.

ಮುದುಕ ಕನ್ನಡಕದ ಮೇಲಿಂದ ನೋಡಿದ. "ಏನ್ ಹುಡ್ಗಿ, ಒಂದೇ ಬೂಟಲ್ಲಿ ಇಬ್ರೂ ಕಾಲಿಟ್ಕೊಂಡು ನಡೀತೀರಾ?"

ಒಬ್ಬೊಬ್ಬರ ತೋಳಿಗೆ ಒಂದೊಂದು ಉದ್ದವಂತೆ. ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಚಾಚಬೇಕು. ಈ ನಡುಬೆರಳ ತುದಿಯಿಂದ ಆ ನಡುಬೆರಳ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ಎಳೆತದ ಉದ್ದ ಸಿಗುತ್ತದೆ. ನನ್ನದು ಅರವತ್ತೈದು ಇಂಚು, ಅಂದರೆ ಇಪ್ಪತ್ತಾರರ ಬಿಲ್ಲು. ಭಾರ ನಲವತ್ತು ಪೌಂಡಿಗೆ ಇಟ್ಟುಕೊಟ್ಟ. ಎಳೆಯುವಾಗ ಭುಜವೇ ಕಿತ್ತು ಬರುತ್ತದೆ ಅಂದುಕೊಂಡೆ. ಕೊನೆಗೆ ಗಾಲಿ ತಿರುಗಿದ್ದೇ ತಡ, ಅರ್ಧಕ್ಕರ್ಧ ಭಾರ ಇಳಿದುಹೋಯಿತು.

"ಈಗ ಹಂಗೇ ಹಿಡ್ಕೊಂಡು ಯೋಚ್ನೆ ಮಾಡು" ಅಂದ ಡೆಲ್ಫಿ. "ಜಿಂಕೆನೋ ಅಲ್ವೋ ಸರಿಯಾಗಿ ನೋಡು. ಬೇಡ ಅನ್ಸಿದ್ರೆ ಮೆಲ್ಲಗೆ ವಾಪಸ್ ತಗೊಂಡ್ ಬಾ. ಬಂದೂಕಲ್ಲಿ ಅದಾಗಲ್ಲ."

ಆ ಮಾತನ್ನು ಇನ್ನೊಂದು ಸಲ ಹೇಳಿಸಿದೆ. ಗುರಿ ನೋಡುವುದಕ್ಕೆ ಒಂದೊಂದು ದೂರಕ್ಕೆ ಒಂದರಂತೆ ಐದು ಪಿನ್ನು ಹಾಕಲೇ, ಅರವತ್ತು ಗಜದವರೆಗೂ ಬರುತ್ತದೆ ಅಂದ. ಒಂದೇ ಸಾಕು, ಇಪ್ಪತ್ತು ಗಜಕ್ಕೆ, ಕಣ್ಣು ಮೂಗು ಕಾಣುವಷ್ಟು ದೂರಕ್ಕೆ ಅಂದೆ.

ನೀನೂ ಒಂದು ದಾರ ಹಿಡಿದು ಅಳೆದು ಕಳಿಸು. ಅಳತೆ ಸಿಕ್ಕಿದ ಮೇಲೆ ತರಿಸುವುದಕ್ಕೆ ಎರಡು ವಾರ ಬೇಕಂತೆ. ರಜೆ ಈ ಸಲ ಅಕ್ಟೋಬರಿಗೇ ಕೇಳಿದೆ ತಾನೇ? ಬಂದೂಕಿನ ಬೇಟೆಯ ನವೆಂಬರಿಗೆ ಬೇಡ ಅಂತ ಮಾರ್ಚಿನಲ್ಲೇ ಮಾತಾಡಿಕೊಂಡಿದ್ದೆವು.

ಐಲಿ


ಹಡಗಿನಿಂದ, ಟೊಲೆಡೊ ಹತ್ತಿರ
ಜುಲೈ 15

ಐಲಿ,

ಡೆಟ್ರಾಯಿಟ್ ನದಿಯಲ್ಲಿ ಟಪಾಲು ದೋಣಿ ಪಕ್ಕಕ್ಕೆ ಬಂದಾಗ ನಾನೇ ಹಗ್ಗ ಎಳೆದೆ. ಬಕೆಟ್ಟಿನಲ್ಲಿ ಎಲ್ಲರ ಕಾಗದದ ಮೇಲೆ ನಿನ್ನದೇ ಇತ್ತು. ಅಡುಗೆಯ ಕ್ಲೀಟಸ್‌ಗೆ ಬಿಲ್ಲಿನ ವಿಷಯ ಓದಿ ಹೇಳಿದೆ. "ಹೆಂಡ್ತಿ ಕೈಗೆ ಬಾಣ ಕೊಟ್ಟು ಮನೇಲಿ ಹೆಂಗಪ್ಪಾ ನಿದ್ದೆ ಮಾಡ್ತೀಯ?" ಅಂತ ಕೇಳಿದ. ಎಲ್ಲರೂ ನಕ್ಕರು.

ನೀನು ಆರಿಸಿದ್ದು ಚೆನ್ನಾಗಿದೆ. ನಲವತ್ತಕ್ಕೇ ಶುರು ಮಾಡು, ಅವಸರ ಬೇಡ. ಊನೋಗೆ ಹೇಳು, ಕೊಟ್ಟಿಗೆಯ ಹಿಂದೆ ಹುಲ್ಲಿನ ಕಟ್ಟು ಒಟ್ಟಿಕೊಡುತ್ತಾನೆ, ನನ್ನ ತಮ್ಮನಾಗಿ ಅಷ್ಟಾದರೂ ಮಾಡಲಿ. ಕಟ್ಟಿನ ಹಿಂದೆ ಯಾರೂ ಇಲ್ಲ ಅನ್ನುವುದನ್ನು ಎರಡು ಸಲ ನೋಡು. ಮೂರು ಸಲ ನೋಡು. ನಾಯಿಯನ್ನು ಕಟ್ಟಿಹಾಕು.

ನನಗೆ ಬೇರೆ ಯಾಕೆ? ಒಂದೇ ಬಿಲ್ಲು ಸಾಕು, ನಿನ್ನ ಅಳತೆಗೇ ತಗೋ. ನಾನು ಪಕ್ಕದಲ್ಲಿ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತೇನೆ. ರಜೆಯ ಬಗ್ಗೆ ಕ್ಯಾಪ್ಟನ್ ಇನ್ನೂ ಬಾಯಿ ಬಿಟ್ಟಿಲ್ಲ.

ಇಲ್ಲಿ ಸೆಖೆ. ನಿಸು ಬ್ರೆಡ್ಡು ಕಳಿಸುವುದಾದರೆ ಏಲಕ್ಕಿ ಜಾಸ್ತಿ ಹಾಕು.

ಆರ್ನೆ


ಜುಲೈ 21

ಆರ್ನೆ, ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆದು ಹಿಟ್ಟಿನ ಡಬ್ಬಿಯಲ್ಲಿ ಇಡುತ್ತೇನೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಹೋದ ನವೆಂಬರ್ ಹದಿನಾರಕ್ಕೆ ನೀನು ಜಿಂಕೆಗೆ ಹೊಡೆಯಲಿಲ್ಲ. ನನಗೆ ಹೊಡೆದೆ.

ಬೆಳಿಗ್ಗೆ ಹತ್ತು ಗಂಟೆ. ಗಾಳಿ ತಿರುಗಿತು ಅಂತ ನಾವು ಮಾತಾಡಿಕೊಂಡಿದ್ದ ಜಾಗ ಬಿಟ್ಟು ಕೆಳಗಿನ ಸೀಡರ್ ಮರಗಳ ಹತ್ತಿರ ಹೋಗಿದ್ದೆ. ದಿಮ್ಮಿ ಒದ್ದೆಯಿತ್ತು, ಬೇರೆ ಬೇಟೆಗಾರರ ಕಣ್ಣಿಗೆ ಬೀಳಲಿ ಅಂತ ಹಾಕಿದ್ದ ಕಿತ್ತಳೆ ಕೋಟನ್ನು ಬಿಚ್ಚಿ ಅದರ ಮೇಲೆ ಹಾಸಿಕೊಂಡೆ. ಒಂದು ಮರದ ಮರೆಯಲ್ಲಿದ್ದೆ. ಚಳಿಗೆ ಮೂಗು ಸೋರುತ್ತಿತ್ತು. ಜೇಬಿನಲ್ಲಿ ಕೆಂಪು ಕರವಸ್ತ್ರ ಇರಲಿಲ್ಲ, ನಿನ್ನಮ್ಮ ಅಂಚು ಹೊಲಿದುಕೊಟ್ಟ ಬಿಳಿಯದು ಇತ್ತು. ಜಿಂಕೆ ಓಡುವಾಗ ಬಾಲ ಎತ್ತಿ ಬಿಳಿ ತೋರಿಸುತ್ತದೆ, ಬೇಟೆಯ ಕಾಲದಲ್ಲಿ ಕಾಡಿಗೆ ಬಿಳಿ ಬಟ್ಟೆ ಒಯ್ಯಬಾರದು ಅಂತ ನಮ್ಮ ಕಡೆ ಐದು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ತೆಗೆದೆ, ಕೊಡವಿದೆ.

ಕಿವಿಯ ಪಕ್ಕ ಮರ ಸಿಡಿಯಿತು. ಶಬ್ದ ಆಮೇಲೆ ಬಂತು. ಕೆನ್ನೆಗೆ ಚಕ್ಕೆ ಬಡಿಯಿತು. ಕೂಗಲಿಲ್ಲ. ಕೋಟು ಎತ್ತಿಕೊಂಡು ಹಳ್ಳದ ದಾರಿಯಲ್ಲಿ ಬಗ್ಗಿಕೊಂಡು ಓಡಿದೆ.

ಸಂಜೆ ಊನೋನ ಬೇಟೆಗುಡಿಸಲಿನಲ್ಲಿ ನೀನು "ಕೆಳಗಿನ ಸೀಡರ್ ಹತ್ರ ಬಾಲ ಕಾಣಿಸ್ತು, ಹೊಡ್ದೆ, ತಪ್ಪೋಯ್ತು" ಅಂದೆ. ಗುರಿ ತಪ್ಪಿದವನ ಅಂಗಿಯ ಬಾಲ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿಯ ಪದ್ಧತಿ. ಊನೋ ಕತ್ತರಿಯನ್ನು ನನ್ನ ಕೈಗೇ ಕೊಟ್ಟ. "ಅತ್ತಿಗೇನೇ ಕತ್ತರಿಸ್ಲಿ, ಹೆಂಡ್ತಿ ಕೈಯಲ್ಲಾದ್ರೆ ಬುದ್ಧಿ ಬರುತ್ತೆ ಇವನಿಗೆ." ಎಲ್ಲರೂ ಮೇಜು ಬಡಿದರು. ನಾನೂ ನಗುತ್ತಾ ಕತ್ತರಿಸಿದೆ.

ಹೇಳಿದರೆ ನೀನು ಬದುಕುವುದಿಲ್ಲ. ತಪ್ಪು ನನ್ನದು. ಆದರೆ ನೀನು ಬಂದೂಕು ಹಿಡಿದು ಇನ್ನೊಂದು ಸಲ ಕಾಡಿಗೆ ಹೋದರೆ ನನ್ನ ಜೀವ ಇಲ್ಲೇ ಹೋಗುತ್ತದೆ, ನಾನು ಅಡುಗೆಮನೆಯಲ್ಲಿದ್ದರೂ ಸರಿಯೇ. ಬಿಲ್ಲಿನ ಮಾತು ತೆಗೆದದ್ದು ಅದಕ್ಕೇ. ನೀನು ಬಿಲ್ಲು ಹಿಡಿ ಆರ್ನೆ. ಇಪ್ಪತ್ತು ಗಜದಲ್ಲಿ ನನ್ನ ಮುಖ ಕಾಣಿಸುತ್ತದೆ.


ನಿಸುಲಾ
ಜುಲೈ 22

ಆರ್ನೆ,

ನಿಸು ಕಳಿಸಿದ್ದೇನೆ, ಏಲಕ್ಕಿ ಜಾಸ್ತಿ ಹಾಕಿ. ದಿನಕ್ಕೆ ಮೂವತ್ತು ಬಾಣ ಬಿಡುತ್ತಿದ್ದೇನೆ. ತಂತಿ ಎಡಗೈಗೆ ಬಡಿದು ಮೊಣಕೈ ಕೆಳಗೆ ನೀಲಿಯಾಗಿದೆ.

ನೀನು ಕಾಫಿ ಬಗ್ಗಿಸುವುದಕ್ಕೆ ಬರುವವನಲ್ಲ, ನನಗೆ ಗೊತ್ತು. ನಿನಗೂ ಒಂದು ಬೇಕು. ದಾರ ಕಳಿಸು. ರಜೆ ಯಾವಾಗ?

ಐಲಿ


ಹಡಗಿನಿಂದ, ಮಾರ್ಕ್ವೆಟ್ ಬಂದರು
ಆಗಸ್ಟ್ 2

ಐಲಿ,

ನಿಸು ಬಂತು. ಅರ್ಧ ಕ್ಲೀಟಸ್ ತಿಂದ. ಸುಪೀರಿಯರ್ ಸರೋವರದಲ್ಲಿ ಎರಡು ದಿನ ಮಂಜು, ಒಂದೇ ಸಮ ಭೋಂಗಾ ಊದುತ್ತಾ ಬಂದೆವು. ಹಡಗಿನ ಮುಂತುದಿಯ ಕಾವಲು ನನ್ನದಿತ್ತು. ಬಿಳಿ ಬಿಟ್ಟರೆ ಏನೂ ಕಾಣದು. ಅದರೊಳಗೆ ಏನೋ ಅಲುಗಾಡಿದ ಹಾಗೆ ಆಗುತ್ತದೆ, ನೋಡಿದರೆ ಏನೂ ಇಲ್ಲ. ನಾನು ಈಗ ಎಷ್ಟು ನೋಡಿದರೂ ನನ್ನ ಕಣ್ಣನ್ನು ನಂಬುವುದಿಲ್ಲ.

ಕೈಗೆ ಪಟ್ಟಿ ಕಟ್ಟಿಕೊಳ್ಳದೆ ಬಿಲ್ಲು ಮುಟ್ಟಬೇಡ. ಬಾಣದ ತುದಿ ಹರಿತ ಮಾಡುವುದನ್ನು ಡೆಲ್ಫಿಗೇ ಬಿಡು.

ಅಳತೆ ಅಂತ ಮತ್ತೆ ಕೇಳಬೇಡ ಮಾರಾಯ್ತಿ. ಒಂದು ಸಾಕು ಅಂದರೆ ಸಾಕು.

ಆರ್ನೆ


ನಿಸುಲಾ
ಆಗಸ್ಟ್ 9

ಆರ್ನೆ,

ನಿನ್ನ ಮದುವೆ ಕೋಟನ್ನು ಹಾಸಿಗೆಯ ಮೇಲೆ ಹರಡಿ ತೋಳಿನಿಂದ ತೋಳಿಗೆ ಅಳೆದೆ. ಡೆಲ್ಫಿಗೆ ಹೇಳಿದರೆ, "ಕೋಟಿಗೆ ಬಿಲ್ಲು ಮಾರಲ್ಲ ನಾನು, ಆಳನ್ನ ಕರ್ಕೊಂಡ್ ಬಾ" ಅಂದ. ಅಂಗಡಿಯಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಮನೆಗೆ ಬಂದು ಬಂದೂಕಿನ ಕಪಾಟು ತೆಗೆದೆ. ನಿಜ ಹೇಳುತ್ತೇನೆ, ನಿನ್ನ ಬಂದೂಕಿನ ಬೋಲ್ಟನ್ನು ಬಿಚ್ಚಿ ಎಲ್ಲಾದರೂ ಬಚ್ಚಿಡಬೇಕು ಅಂತಲೇ ತೆಗೆದೆ. ಅದಿಲ್ಲದಿದ್ದರೆ ಬಂದೂಕು ಬರೀ ಕೋಲು ತಾನೇ. ಬೋಲ್ಟು ಅಲ್ಲಿರಲಿಲ್ಲ. ಎಣ್ಣೆ ಡಬ್ಬಿಯ ಹಿಂದೆ, ಗುಂಡಿನ ಪೆಟ್ಟಿಗೆಯಲ್ಲಿ, ನಿನ್ನ ಚಳಿಗಾಲದ ಬೂಟಿನಲ್ಲಿ ಕೂಡ ಹುಡುಕಿದೆ.

ನೀನು ಏಪ್ರಿಲಿನಲ್ಲಿ ಹಡಗು ಹತ್ತುವಾಗಲೇ ಅದನ್ನು ಒಯ್ದಿರಬೇಕು. ಹಡಗಿನ ಎಂಜಿನ್ ಮನೆಯವನು ಬೋಲ್ಟು ಉಜ್ಜಿ ಬೆಣ್ಣೆಯ ಹಾಗೆ ಜಾರುವಂತೆ ಮಾಡಿಕೊಡುತ್ತಾನೆ ಅಂತ ಹಿಂದೊಮ್ಮೆ ಹೇಳಿದ್ದೆ, ನನಗೆ ನೆನಪಿದೆ. ಅಂದರೆ ಹೆಂಡತಿಗೆ ಆಟಕ್ಕೆ ಒಂದು ಬಿಲ್ಲು, ನಿನಗೆ ನವೆಂಬರಿನ ರಜೆ, ನಿನಗೆ ಬಂದೂಕು. ಅಳತೆ ಕಳಿಸದಿದ್ದದ್ದು ಇದಕ್ಕಾ? ಬಾಯಿ ಬಿಟ್ಟು ಹೇಳಬಹುದಿತ್ತು.

ನೀನು ಬಂದೂಕು ಎತ್ತಿಕೊಂಡು ಹೋದರೆ ನಾನು ಈ ಮನೆಯಲ್ಲಿ ಇರುವುದಿಲ್ಲ. ಕಾರಣ ಕೇಳಬೇಡ. ಹೆದರಿಸುತ್ತಿಲ್ಲ, ನನಗೇ ಹೆದರಿಕೆಯಾಗಿ ಹೇಳುತ್ತಿದ್ದೇನೆ.

ಐಲಿ


ನಿಸುಲಾ
ಆಗಸ್ಟ್ 20

ಆರ್ನೆ,

ಹನ್ನೊಂದು ದಿನ ಆಯಿತು. ನಿಮ್ಮ ಹಡಗು ಅಷ್ಟರಲ್ಲಿ ಎರಡು ಸಲ ಡೆಟ್ರಾಯಿಟ್ ದಾಟಿರಬೇಕು. ಊನೋ ಬಂದರಿಗೆ ಫೋನು ಮಾಡಿ ಕೇಳಿದ, ಹಡಗು ಸುರಕ್ಷಿತವಾಗಿದೆ ಅಂದರಂತೆ. ಹಡಗಲ್ಲ, ನೀನು ಹೇಗಿದ್ದೀಯ? ಆ ಕಾಗದದಲ್ಲಿ ಬಿರುಸಾಗಿ ಬರೆದೆ. ಬೈದಾದರೂ ಒಂದು ಸಾಲು ಬರಿ.

ದಿನಾ ಬಿಲ್ಲು ಎಳೆಯುತ್ತೇನೆ. ಬಾಣ ಬಿಡುವುದಕ್ಕೆ ಮನಸ್ಸು ಬರುವುದಿಲ್ಲ. ಎಳೆದು, ಹಿಡಿದು, ವಾಪಸ್ ತರುತ್ತೇನೆ.

ಐಲಿ


ಹಡಗಿನಿಂದ
ಆಗಸ್ಟ್ 23

ಐಲಿ,

ನಿನ್ನ ಒಂಬತ್ತನೇ ತಾರೀಕಿನ ಕಾಗದ ಜೇಬಿನಲ್ಲೇ ಇದೆ. ನಾಲ್ಕು ಸಲ ಉತ್ತರ ಬರೆದು ಹರಿದೆ. ರೇಡಿಯೋ ಫೋನಿನಲ್ಲಿ ಹೇಳೋಣವೆಂದರೆ ಸರೋವರದ ಹಡಗೆಲ್ಲ ಕೇಳಿಸಿಕೊಳ್ಳುತ್ತವೆ. ಇದನ್ನು ಓದುವ ಮೊದಲು ಕೂತುಕೋ.

ಬೋಲ್ಟನ್ನು ನಾನೇ ತಂದೆ. ಉಜ್ಜಿಸುವುದಕ್ಕಲ್ಲ. ಏಪ್ರಿಲ್ ಹನ್ನೊಂದಕ್ಕೆ ಕೆವೀನಾ ಭೂಶಿರ ದಾಟಿದ ಮೇಲೆ ಹಿಂದಿನ ಕಟಕಟೆಯಿಂದ ಸುಪೀರಿಯರಿಗೆ ಎಸೆದೆ. ಅದು ಯಾರ ಕೈಗೂ ಸಿಗದಷ್ಟು ಆಳದಲ್ಲಿದೆ.

ಆ ದಿನ ನಾನು ಹೊಡೆದದ್ದು ಜಿಂಕೆಗಲ್ಲ. ಬಿಳಿ ಏನೋ ಅಲುಗಾಡಿತು, ಅಷ್ಟೇ ಕಂಡದ್ದು. ತಲೆ ಕಾಣಲಿಲ್ಲ, ಕಾಲು ಕಾಣಲಿಲ್ಲ. ಪೂರ್ತಿ ಪ್ರಾಣಿ ಕಾಣುವ ತನಕ ಬೆರಳು ಟ್ರಿಗರಿಗೆ ಇಡಬೇಡ ಅಂತ ನನ್ನಪ್ಪ ಎಂಟನೇ ವಯಸ್ಸಿನಿಂದ ಹೇಳಿಕೊಟ್ಟದ್ದು ಆ ಒಂದು ಕ್ಷಣ ಎಲ್ಲಿ ಹೋಯಿತೋ. ರಕ್ತ ಇದೆಯಾ ನೋಡೋಣ ಅಂತ ಇಳಿದು ಹೋದೆ. ರಕ್ತ ಇರಲಿಲ್ಲ. ಸೀಡರ್ ಮರದಲ್ಲಿ ತೂತು ಇತ್ತು, ಹಸಿ ಮರದ ವಾಸನೆ ಬರುತ್ತಿತ್ತು. ಹಿಮದ ಮೇಲೆ ಬೂಟಿನ ಗುರುತು. ಎಡಗಾಲು ಒಳಕ್ಕೆ ತಿರುಗಿದ ಹೆಜ್ಜೆ ನಮ್ಮ ಜಿಲ್ಲೆಯಲ್ಲೆಲ್ಲ ನಿನ್ನೊಬ್ಬಳದ್ದೇ. ನಿಂತು ನೋಡಿದೆ, ತೂತು ನಿನ್ನ ಕಿವಿಯ ಎತ್ತರಕ್ಕಿತ್ತು.

ಅಲ್ಲೇ ಕೂತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ. ಸಂಜೆ ಬಂದರೆ ನೀನು ಗುಡಿಸಲಿನಲ್ಲಿ ಮಾಂಸ ತುಂಬಿದ ಪಾಸ್ಟಿ ಕಡುಬು ಬಿಸಿ ಮಾಡುತ್ತಿದ್ದೆ. ನಿನಗೆ ಗೊತ್ತೇ ಆಗಿಲ್ಲ, ಗುಂಡು ಎಷ್ಟು ಹತ್ತಿರ ಹೋಯಿತು ಅಂತ ನಿನಗೆ ತಿಳಿದಿಲ್ಲ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು. ಎಲ್ಲರ ಮುಂದೆ ತಪ್ಪಿತು ಅಂದೆ. ನೀನು ಕತ್ತರಿ ಹಿಡಿದು ಹಿಂದೆ ಬಂದಾಗ ತಣ್ಣನೆ ಕಬ್ಬಿಣ ಬೆನ್ನಿಗೆ ತಾಗಿತು. ಗೊತ್ತಿದ್ದರೆ ಈಗ ಹೇಳುತ್ತಾಳೆ ಅಂತ ಕಾದೆ. ನೀನು ನಕ್ಕೆ. ನನ್ನ ಜೀವ ಬಂತು. ಅದಕ್ಕಿಂತ ನಾಚಿಕೆಗೇಡಿನ ಸಂಗತಿ ನಾನು ಬದುಕಿನಲ್ಲಿ ಮಾಡಿಲ್ಲ.

ನಿನ್ನ ಈ ಕಾಗದ ನೋಡಿದ ಮೇಲೆ ಅರ್ಥವಾಯಿತು, ನಿನಗೆ ಗೊತ್ತು. ಮೊದಲಿನಿಂದಲೂ ಗೊತ್ತಿತ್ತು. ಚಳಿಗಾಲವೆಲ್ಲ ಒಂದೇ ಮೇಜಿನಲ್ಲಿ ಎದುರುಬದುರು ಕೂತು ಉಂಡೆವಲ್ಲ ಐಲಿ.

ಇನ್ನು ಬಿಲ್ಲು. ನನ್ನ ಅಳತೆಯದ್ದು ಬೇಡ ಅಂದದ್ದು ಇದಕ್ಕೇ. ನೀನಿರುವ ಕಾಡಿನಲ್ಲಿ ನನ್ನ ಕೈಯಲ್ಲಿ ಯಾವ ಆಯುಧವೂ ಬೇಡ. ಬಂದೂಕೂ ಬೇಡ, ಬಾಣವೂ ಬೇಡ. ರಜೆ ಕೇಳಿಯೇ ಇಲ್ಲ, ಕ್ಯಾಪ್ಟನ್ ಬಾಯಿ ಬಿಟ್ಟಿಲ್ಲ ಅಂದದ್ದು ಸುಳ್ಳು. ಈ ವರ್ಷ ಇಳಿಯುವುದೇ ಬೇಡ ಅಂದುಕೊಂಡಿದ್ದೆ. ನೀನು ಮನೆ ಬಿಟ್ಟು ಹೋಗುವುದಾದರೆ ಹೋಗು, ನಾನು ಕಾರಣ ಕೇಳುವುದಿಲ್ಲ.

ಆರ್ನೆ


ನಿಸುಲಾ
ಆಗಸ್ಟ್ 29

ಆರ್ನೆ,

ಕೂತೇ ಓದಿದೆ. ಓದಿ ಹೊರಗೆ ಹೋಗಿ ಹಬೆಸ್ನಾನದ ಸೌನಾ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ನಾಯಿ ಬಂದು ಪಕ್ಕದಲ್ಲಿ ಮಲಗಿತು.

ಇದರ ಜೊತೆ ಹಿಟ್ಟಿನ ಡಬ್ಬಿಯಲ್ಲಿದ್ದ ಕಾಗದ ಇಟ್ಟಿದ್ದೇನೆ. ಹಿಟ್ಟು ಮೆತ್ತಿದೆ, ಕೊಡವಿ ಓದು. ನೀನು ಕಂಡ ಬಿಳಿ ಯಾವುದು ಅಂತ ಅದರಲ್ಲಿದೆ. ಅರ್ಧ ತಪ್ಪು ನನ್ನ ಜೇಬಿನಲ್ಲಿತ್ತು, ನೀನು ಅಷ್ಟನ್ನೂ ಒಬ್ಬನೇ ಹೊತ್ತುಕೊಂಡು ಒಂಬತ್ತು ತಿಂಗಳು ಓಡಾಡಿದೆ. ಅದನ್ನು ಹೇಳದೆ ಇದ್ದದ್ದು ನನ್ನ ತಪ್ಪೇ. ನಿನ್ನನ್ನು ಉಳಿಸಲು ಅಂದುಕೊಂಡೆ. ಬರೀ ಹೆದರಿಕೆ, ಬೇರೇನಲ್ಲ.

ಊನೋನ ಗುಡಿಸಲಿಗೆ ಹೋಗಿ ಅಂಗಿಯ ತುಂಡನ್ನು ಕಿತ್ತು ತರೋಣ ಅಂತ ಹೊರಟೆ. ಮೊಳೆಗೆ ಕೈ ಹಾಕಿದೆ, ಆಮೇಲೆ ಬಿಟ್ಟುಬಿಟ್ಟೆ. "ಯಾಕೆ ಅತ್ತಿಗೆ, ಅಣ್ಣನ ಮಾನ ಕಾಪಾಡೋಕೆ ಬಂದ್ರಾ?" ಅಂದ ಊನೋ. "ಇರ್ಲಿ ಬಿಡು, ಈ ಗೋಡೆ ಮೇಲೆ ನಂಗೆ ಬೇಕಾದ್ದು ಇದೊಂದೇ" ಅಂದೆ. ಅವನಿಗೆ ಏನೂ ತಿಳಿಯಲಿಲ್ಲ. ನೀನು ಬಂದ ಮೇಲೆ ಇಬ್ಬರೂ ಸೇರಿ ಅವನಿಗೆ ಹೇಳೋಣ.

ಮನೆ ಬಿಟ್ಟು ಹೋಗುವುದಿಲ್ಲ. ಆದರೆ ನೀನು ಬರಿಗೈಯಲ್ಲಿ ನನ್ನ ಪಕ್ಕ ಕೂರುವುದೂ ನನಗೆ ಬೇಡ. ನೀನು ಹಾಗೆ ಕೂತರೆ ಪ್ರತಿ ಸಲ ನಿನ್ನ ಖಾಲಿ ಕೈ ನೋಡಿ ನನಗೆ ಆ ಮರವೇ ನೆನಪಾಗುತ್ತದೆ. ನಿನಗೂ ಆಗುತ್ತದೆ.

ಹೀಗೆ ಮಾಡೋಣ. ಒಂದೇ ಮರೆಯಲ್ಲಿ ಇಬ್ಬರೂ ಕೂರೋಣ, ಮೊಣಕೈಗೆ ಮೊಣಕೈ ತಾಗುವ ಹಾಗೆ. ನಾನು ನಿನ್ನ ಮುಂದೆ ಹೋಗುವುದಿಲ್ಲ, ನೀನು ನನ್ನ ಮುಂದೆ ಬರಬೇಡ. ಒಬ್ಬರು ಎಳೆದರೆ ಇನ್ನೊಬ್ಬರು ನೋಡಬೇಕು. ನೋಡಿ "ಹೂಂ" ಅನ್ನಬೇಕು. ಅನ್ನುವ ತನಕ ಬಾಣ ಬಿಡಬಾರದು. ಈ ಬಿಲ್ಲನ್ನು ಆರಿಸಿದ್ದೇ ಅದು ಕಾಯುತ್ತದೆ ಅಂತ. ನನಗೆ ಹೆದರಿಕೆ ಇಲ್ಲವಾ? ಇದೆ. ಈಗಲೂ ಕಾರಿನ ಬಾಗಿಲು ಜೋರಾಗಿ ಬಡಿದರೆ ಕೆನ್ನೆ ಮುಟ್ಟಿಕೊಳ್ಳುತ್ತೇನೆ.

ಡೆಲ್ಫಿ ಸೆಪ್ಟೆಂಬರ್ ಹತ್ತರವರೆಗೆ ಕಾಯುತ್ತಾನಂತೆ. ದಾರ ಕಳಿಸು.

ಐಲಿ


ಹಡಗಿನಿಂದ, ಡೆಟ್ರಾಯಿಟ್ ನದಿ
ಸೆಪ್ಟೆಂಬರ್ 4

ಐಲಿ,

ಎರಡೂ ಕಾಗದ ಓದಿದೆ. ಹಿಟ್ಟು ಇನ್ನೂ ಕೈಗೆ ಮೆತ್ತಿದೆ. ಕರವಸ್ತ್ರದ ವಿಷಯ ಓದಿದಾಗ ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅದನ್ನು ಹೊಲಿಯುತ್ತಿದ್ದಾಗ ಅಮ್ಮ ಕಿಟಕಿಯ ಹತ್ತಿರ ಕೂತಿರುತ್ತಿದ್ದದ್ದು ನೆನಪಾಯಿತು. ಆದರೂ ಬೆರಳು ನನ್ನದು. ಅದನ್ನು ನೀನು ಹಂಚಿಕೊಳ್ಳುವುದಕ್ಕೆ ಬಿಡುವುದಿಲ್ಲ.

ಈ ತಿಂಗಳ ಇಪ್ಪತ್ತಕ್ಕೆ ಇಳಿಯುತ್ತೇನೆ, ಅಕ್ಟೋಬರ್ ಪೂರ್ತಿ ಮನೆಯಲ್ಲಿ. ಪ್ರತಿ ವರ್ಷ ನನ್ನ ಪಾಲಿಗೆ ಬರುವ ನವೆಂಬರ್ ರಜೆಯನ್ನು ಕ್ಲೀಟಸ್‌ಗೆ ಬಿಟ್ಟುಕೊಟ್ಟೆ. ಅಳತೆಗೆ ದಾರದ ಇನ್ನೊಂದು ತುದಿ ಅವನೇ ಹಿಡಿದ. "ಏನಪ್ಪಾ, ಹೆಣದ ಪೆಟ್ಟಿಗೆಗೆ ಅಳತೆನಾ?" ಅಂದ. ನನಗೆ ನಗು ಬರಲಿಲ್ಲ, ಅವನಿಗೂ ನನ್ನ ಮುಖ ನೋಡಿ ನಗು ನಿಂತಿತು. ಅಳೆದುಕೊಟ್ಟ. ನಾನು ಮೂರು ಸಲ ಅಳೆಸಿದೆ. ಮೂರು ಸಲವೂ ಎಪ್ಪತ್ತೆರಡೂವರೆಯೇ ಬಂತು. ಭಾಗಿಸಿದರೆ ಇಪ್ಪತ್ತೊಂಬತ್ತು. ದಾರ ಇದರ ಒಳಗಿದೆ, ಗಂಟು ಹಾಕಿದ ಕಡೆ ನನ್ನ ಬೆರಳ ತುದಿ.

ಡೆಲ್ಫಿಗೆ ಹೇಳು, ನನಗೂ ಒಂದೇ ಪಿನ್ನು, ಇಪ್ಪತ್ತು ಗಜಕ್ಕೆ.

ನನಗೂ ಹೆದರಿಕೆ ಐಲಿ. ಈ ದಾರ ಮಡಿಸಿ ಲಕೋಟೆಗೆ ಹಾಕುವಾಗಲೂ ಹೆದರಿಕೆ. ಆದರೆ ಎಳೆದು ಹಿಡಿದುಕೊಂಡು ಕೂರುತ್ತೇನೆ, ನೀನು ಎಷ್ಟು ಹೊತ್ತು ನೋಡಿದರೂ ಸರಿ. ನೀನು ಹೂಂ ಅನ್ನದಿದ್ದರೆ ವಾಪಸ್ ತರುತ್ತೇನೆ.

ಆರ್ನೆ